ಚೌಡಿ ಬನಕ್ಕೂ ಒಬ್ಬ ಪ್ರೊಫೆಸರ್ ಬೇಕು

ನಮಸ್ಕಾರ. ಶಿರಸಿಯಲ್ಲಿ ಜಡಿಮಳೆ. ಕರೆಂಟ್ ಹೋಗುವುದರೊಳಗೆ ಹೇಳಿ ಮುಗಿಸುತ್ತೇನೆ.

ಫೇರಿಗಳನ್ನು, ಅಂದರೆ ಪಾಶ್ಚಾತ್ಯ ಜನಪದದ ಮಾಯಾಜೀವಿಗಳನ್ನು, ಹುಡುಕಿಕೊಂಡು ಹೋಗುವ ಪ್ರೊಫೆಸರ್‌ಗಳ ಕಥೆಗಳಿಗೆ ಈಗ ಓದುಗರು ಜಾಸ್ತಿ, ಅಲ್ವಾ? ಕೋಝಿ ಫ್ಯಾಂಟಸಿ ಅನ್ನುತ್ತಾರೆ. ಬೆಚ್ಚಗಿನ ಒಲೆ, ಬಿಸಿ ಚಹಾ, ಕಾಲ ಬುಡದಲ್ಲಿ ನಾಯಿ, ಅದಕ್ಕೇ ಇಷ್ಟ ಅಂತ ಹೇಳುವವರಿದ್ದಾರೆ. ನನ್ನನ್ನು ಹಿಡಿದದ್ದು ಬೇರೆ. ಈ ಕಥೆಗಳಲ್ಲಿ ಕಷ್ಟಕ್ಕೆ ಒದಗುವುದು ಊರವರ ಬಾಯಿಂದ ಕೇಳಿ ಬರೆದುಕೊಂಡ ಮಾತು.

ಹೆದರ್ ಫಾಸೆಟ್ ಅವರ 'ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೋಪೀಡಿಯಾ ಆಫ್ ಫೇರೀಸ್' ನೋಡಿ. ಬಂದದ್ದು 2023ರಲ್ಲಿ, ಕಥೆಯ ಕಾಲ 1909. ಕೇಂಬ್ರಿಜ್‌ನ ಎಮಿಲಿ ಉತ್ತರದ ಹಿಮದ ಹಳ್ಳಿಗೆ ಹೋಗುತ್ತಾಳೆ. ಇಡೀ ಕಾದಂಬರಿ ಅವಳ ದಿನಚರಿ, ಅಡಿಟಿಪ್ಪಣಿ ಸಮೇತ! ಫೇರಿಗಳ ವಿಷಯದಲ್ಲಿ ಮಹಾ ಪಂಡಿತೆ, ಮನುಷ್ಯರ ಜೊತೆ ಒಡನಾಟ ಮಾತ್ರ ಬರುವುದಿಲ್ಲ. ಹೋದ ಹೊಸತರಲ್ಲೇ ಊರಿನ ಮುಖ್ಯಸ್ಥೆಯ ಮನಸ್ಸು ನೋಯಿಸುತ್ತಾಳೆ. ಊರವರು ಬಾಯಿ ಬಿಡದಿದ್ದರೆ ಸಂಶೋಧನೆ ಎಲ್ಲಿಂದ ಬಂತು? ಓದಿದವಳು ತಗ್ಗಿ ಕೇಳುವುದನ್ನು ಕಲಿಯುತ್ತಾಳಲ್ಲ, ಆ ಭಾಗ ನನಗೆ ಬಹಳ ಪ್ರೀತಿ.

ಇಂಥವರು ನಿಜಕ್ಕೂ ಇದ್ದರು. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಕರ್ಕ್ 17ನೇ ಶತಮಾನದಲ್ಲೇ ಫೇರಿಗಳ ಬಗ್ಗೆ ಪುಸ್ತಕ ಬರೆದಿದ್ದ. 1692ರಲ್ಲಿ ಅವನು ತೀರಿಕೊಂಡಾಗ, ಫೇರಿಗಳೇ ಕರೆದುಕೊಂಡು ಹೋದವು ಎಂಬ ಕಥೆ ಹುಟ್ಟಿತು.

ಆ ಕಡೆ ಮಗುವನ್ನು ಫೇರಿಗಳು ಅದಲುಬದಲು ಮಾಡಬಾರದು ಅಂತ ತೊಟ್ಟಿಲ ಹತ್ತಿರ ಕತ್ತರಿ ಇಡುತ್ತಿದ್ದರು, ಅವಕ್ಕೆ ಕಬ್ಬಿಣ ಆಗದು. ನಮ್ಮ ಬಾಣಂತಿ ಕೋಣೆಯಲ್ಲೂ ಕಬ್ಬಿಣದ ಕತ್ತಿ ಇಡುತ್ತಾರೆ. ಆ ಕತ್ತರಿಯ ವಿಷಯ ಓದಿ ನಾನು ಪುಸ್ತಕ ಮಡಚಿ ಸುಮ್ನೆ ಕೂತಿದ್ದೆ. ಸಿದ್ದಾಪುರದ ಕಡೆ ಚೌಡಿ ಎಂಬ ದೇವತೆಯ ಬನದ ಮರಕ್ಕೆ ಕೊಡಲಿ ಹಾಕುವ ಹಾಗಿಲ್ಲ. ಘಟ್ಟ ಇಳಿದರೆ ಜಟಕ, ಬೀರ ಎಂಬ ದೈವಗಳು. ಒಬ್ಬೊಬ್ಬರಿಗೆ ಒಂದೊಂದು ಕಟ್ಟಳೆ. ಕುಮಟಾದ ಡಾ. ಎಲ್. ಆರ್. ಹೆಗಡೆಯವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನಪದ ಹಾಡು, ಕಥೆಗಳನ್ನು ಸಂಗ್ರಹಿಸಿಟ್ಟಿದ್ದಾರೆ. ಅಂಥ ಕೆಲಸ ಮಾಡುವವರು ನಮ್ಮ ಕಾದಂಬರಿಗೆ ನಾಯಕರಾಗಬೇಕು.

ಹೀಗೊಂದು ಕಾದಂಬರಿ ಊಹಿಸಿಕೊಳ್ಳಿ. ಧಾರವಾಡದಲ್ಲಿ ಪಿಎಚ್‌ಡಿ ಮಾಡುವ ಹುಡುಗಿ. ಅಂಕೋಲಾದ ಹಾಲಕ್ಕಿ ಸಮುದಾಯದ ಅಜ್ಜಿ. ರೆಕಾರ್ಡರ್ ಆನ್ ಮಾಡುವ ಮೊದಲೇ ಅಜ್ಜಿಯ ಪ್ರಶ್ನೆ: "ನೀ ಯಾರ ಮಗ್ಳು?" ಅದಕ್ಕೆ ಉತ್ತರ ಕೊಟ್ಟು, ಅಜ್ಜಿ ಕೊಟ್ಟ ಎಲೆ ಅಡಿಕೆ ಕವಳ ಹಾಕಿಕೊಂಡು, ಆಮೇಲೆ ಜಟಕನ ಕಥೆ. ಅಡಿಟಿಪ್ಪಣಿಗಂತೂ ಇಲ್ಲಿ ಬರ ಇಲ್ಲ. ಯಾರಾದರೂ ಬರೆಯಿರಿ ಮಾರಾಯ್ರೆ.