ನೀರಿನ ವೇಳೆ ನೋಡಿ ಹೊರಡಿ

ಕೇಳುಗರೇ, ನಮಸ್ಕಾರ. ರಜೆ ಸಿಕ್ಕರೆ ಗೋಕರ್ಣದ ಬೀಚಿಗೆ ಹೋಗುತ್ತೀರಿ, ನಾಲ್ಕು ಫೋಟೋ ತೆಗೆದು ವಾಪಸ್. ಪಕ್ಕದಲ್ಲೇ ಅಘನಾಶಿನಿ ಅಳಿವೆ ಇದೆ, ಅತ್ತ ತಿರುಗಿಯೂ ನೋಡೋದಿಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಕುಮಟಾ ಸೀಮೆಯಲ್ಲಿ ಸಮುದ್ರ ಸೇರುವ ನದಿ ಅದು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ಒಂದು ದಿನ ನಡೆದು ನೋಡಿ. ಆದರೆ ನೀರಿನ ವೇಳೆ ನೋಡಿ ಹೊರಡಿ.

ಸಮುದ್ರದ ನೀರು ಏರುವುದಕ್ಕೆ ನಮ್ಮ ಕಡೆ ಭರತ, ಇಳಿಯುವುದಕ್ಕೆ ಇಳಿತ ಅನ್ನುತ್ತೇವೆ. ಆರು ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತು ಏರಿಕೆ, ಹೆಚ್ಚುಕಮ್ಮಿ ಅಷ್ಟೇ ಹೊತ್ತು ಇಳಿಕೆ. ಈ ವೇಳೆ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆಯ ಲೆಕ್ಕ ಇವತ್ತಿಗೆ ನಡೆಯೋದಿಲ್ಲ.

ಹುಬ್ಬಳ್ಳಿಯ ನನ್ನ ಗೆಳೆಯನಿಗೆ ಇದನ್ನು ಮೂರು ಸಲ ಹೇಳಿದ್ದೆ. ಹೊಸ ಬಿಳಿ ಶೂ ಹಾಕಿಕೊಂಡು ಬಂದ! ಬೆಳಗ್ಗೆ ಏಳಕ್ಕೆ ಇಳಿತ, ಕೆಸರಿನ ಬಯಲು ತೆರೆದುಕೊಂಡಿತ್ತು. ಕೊಕ್ಕರೆ ನೋಡುತ್ತಾ ಅವನು ಹತ್ತರವರೆಗೂ ಅಲ್ಲಾಡಲಿಲ್ಲ. ತಿರುಗಿ ನೋಡಿದರೆ ನಾವು ದಾಟಿ ಬಂದ ಸಣ್ಣ ತೋಡು ತುಂಬುತ್ತಿದೆ. ಗಾಬರಿಯಲ್ಲಿ ಓಡಿದ, ಮೊಣಕಾಲವರೆಗೆ ಹೂತ. ಎಳೆದಷ್ಟೂ ಒಳಗೆ. ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಆರಿಸುತ್ತಿದ್ದ ಅಜ್ಜಿಯೊಬ್ಬರು ಬುಟ್ಟಿ ಇಳಿಸಿ, "ಒಡೆಯಾ, ನಿಂತು ಒದ್ದಾಡಬೇಡಿ, ಮುಂದಕ್ಕೆ ಬಾಗಿ ಕೈ ಊರಿ" ಅಂದರು. ನಾಲ್ಕು ಕಾಲಲ್ಲಿ ತೆವಳಿಕೊಂಡು ಬಂದ, ಒಂದು ಶೂ ಕೆಸರಿನ ಪಾಲು. ಅಜ್ಜಿ ನಕ್ಕಿದ್ದು ಅವನಿಗಿಂತ ನನ್ನನ್ನು ನೋಡಿ. "ಈ ಊರಿನವರಾಗಿ ಭರತ ಗೊತ್ತಾಗಲಿಲ್ವಾ?" ಅಂತ. ಸುಮ್ನೆ ತಲೆ ತಗ್ಗಿಸಿದೆ.

ಅಲ್ಲಿಯ ಬದುಕೆಲ್ಲಾ ಈ ನೀರಿನ ವೇಳೆಯ ಮೇಲೇ ನಿಂತಿದೆ, ಅದಕ್ಕೇ ಇಷ್ಟು ಹೇಳುವುದು. ಬಳಚು ಹೆಕ್ಕುವುದು ಇಳಿತದಲ್ಲಿ. ಭರತದ ಉಪ್ಪುನೀರು ಅಳಿವೆ ಪಕ್ಕದ ತಗ್ಗಿನ ಗಜನಿ ಗದ್ದೆಗೂ ನುಗ್ಗುತ್ತದೆ, ಅದನ್ನು ತಡೆದುಕೊಳ್ಳುವ ಭತ್ತವೇ ಕಗ್ಗ. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೀಜ ಮರದ ಮೇಲೇ ಮೊಳೆತು, ಕೋಲಿನ ಹಾಗೆ ಇಳಿಬಿದ್ದು, ಕೆಳಗೆ ಬಿದ್ದರೆ ಕೆಸರಿಗೆ ಚುಚ್ಚಿಕೊಳ್ಳುತ್ತದೆ ಅಥವಾ ನೀರಿನ ಜೊತೆ ತೇಲಿ ಹೋಗುತ್ತದೆ. ಇದರ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತೆ. ಶೂ ಕತೆಗೇ ಹೊತ್ತು ಹೋಯಿತು, ಅಲ್ವಾ?

ಗೋಕರ್ಣದ ಕಡೆಯ ದಡದ ತದಡಿಯಿಂದ ದೋಣಿಯಲ್ಲಿ ಆಚೆ ಅಘನಾಶಿನಿ ಊರಿಗೆ ದಾಟಬಹುದು. ಹತ್ತುವ ಮೊದಲು ದೋಣಿಯವರನ್ನೇ ಕೇಳಿ, ಇವತ್ತು ಇಳಿತ ಎಷ್ಟು ಹೊತ್ತಿಗೆ ಅಂತ. ಮೊಬೈಲ್ ಆಮೇಲೆ ನೋಡಿ. ಹಳೇ ಚಪ್ಪಲಿ ಹಾಕಿಕೊಳ್ಳಿ. ನಮಸ್ಕಾರ.