ಫಹೀಟಾ ಮ್ಯಾರಿನೇಡ್: ರಾತ್ರಿಯಿಡೀ ನೆನೆಸಿದರೆ ಮಾಂಸ ಮೃದುವಾಗುತ್ತದೆಯೇ?

(ದೃಶ್ಯ: ಹಲಗೆಯ ಮೇಲೆ ಹರಡಿದ ಸ್ಕರ್ಟ್ ಸ್ಟೇಕ್. ಅಡ್ಡಲಾಗಿ ಓಡುವ ನಾರುಗಳು ಒಂದೊಂದಾಗಿ ಕಾಣುವಷ್ಟು ಹತ್ತಿರದಿಂದ.)

ನಮಸ್ಕಾರ. ಮನೆಯಲ್ಲಿ ಸ್ಟೇಕ್ ಫಹೀಟಾ, ಅಂದರೆ ಸುಟ್ಟ ದನದ ಮಾಂಸವನ್ನು ಹೆಚ್ಚಿ ರೊಟ್ಟಿಯಲ್ಲಿ ಸುತ್ತಿದ ತಿನಿಸು, ಮಾಡಲು ಹೊರಟವರು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನು ಇಂದು ಬಿಡಿಸಿ ನೋಡೋಣ. ನಿಂಬೆರಸ, ಸೋಯಾ ಸಾಸ್, ಬೆಳ್ಳುಳ್ಳಿ, ಜೀರಿಗೆ ಸೇರಿಸಿದ ಮ್ಯಾರಿನೇಡ್‌ನಲ್ಲಿ ಮಾಂಸವನ್ನು ಎರಡು ಗಂಟೆ ನೆನೆಸಿದರೆ ರುಚಿ ಹಿಡಿಯುತ್ತದೆ ಎಂದಾದರೆ, ಇಡೀ ರಾತ್ರಿ ನೆನೆಸಿದರೆ ಇನ್ನಷ್ಟು ರುಚಿ ಹಿಡಿದು, ಮಾಂಸವೂ ಇನ್ನಷ್ಟು ಮೃದುವಾಗಬೇಕಲ್ಲವೇ? ಹಾಗಾಗುವುದಿಲ್ಲ. ಅದು ಏಕೆಂದು ತಿಳಿದರೆ, ಯಾವ ಪದಾರ್ಥ ಎಷ್ಟು ಹಾಕಬೇಕೆಂಬುದನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ.

ಮೊದಲು ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಫಹೀಟಾ ಹುಟ್ಟಿದ್ದು ಅಮೆರಿಕದ ಟೆಕ್ಸಸ್ ರಾಜ್ಯದ ದಕ್ಷಿಣ ಭಾಗದಲ್ಲಿ, ಮೆಕ್ಸಿಕೋ ಗಡಿಗೆ ತಾಗಿಕೊಂಡಿರುವ ರಿಯೋ ಗ್ರಾಂಡ್ ಕಣಿವೆಯ ದನಗಾಹಿಗಳ ನಡುವೆ. ದೊಡ್ಡ ರ್‍ಯಾಂಚ್‌ಗಳಲ್ಲಿ ದನ ಕಡಿದಾಗ ಒಳ್ಳೆಯ ಭಾಗಗಳು ಮಾಲೀಕರ ಪಾಲಾಗುತ್ತಿದ್ದವು. ತಲೆ, ಕರುಳು ಮತ್ತು ಈ ಸ್ಕರ್ಟ್ ಎಂಬ ಪಟ್ಟಿಯಂಥ ಮಾಂಸ ಮೆಕ್ಸಿಕನ್ ಮೂಲದ ಕೆಲಸಗಾರರಿಗೆ ಕೂಲಿಯ ಭಾಗವಾಗಿ ಸಿಗುತ್ತಿದ್ದವು. ಅವರು ಅದನ್ನು ಕೆಂಡದ ಮೇಲೆ ಸುಟ್ಟು, ಹೆಚ್ಚಿ, ಟಾರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದರು. 1969ರಲ್ಲಿ ಮಾಂಸ ವ್ಯಾಪಾರಿ ಸನ್ನಿ ಫಾಲ್ಕನ್ ಟೆಕ್ಸಸ್‌ನ ಕೈಲ್ ಊರಿನ ಹಬ್ಬದಲ್ಲಿ ಇದನ್ನು ಮಾರಾಟಕ್ಕಿಟ್ಟರು; 1973ರಲ್ಲಿ ಹ್ಯೂಸ್ಟನ್ ನಗರದಲ್ಲಿ ನಿನ್ಫಾ ಲೊರೆಂಜೊ ತೆರೆದ ಪುಟ್ಟ ಹೋಟೆಲು ಇದಕ್ಕೆ ದೊಡ್ಡ ಹೆಸರು ತಂದಿತು. ಬೇಡಿಕೆ ಏರಿದಂತೆ, ಕೂಲಿಯವರ ಪಾಲಿಗೆ ಬಿಟ್ಟಿದ್ದ ಆ ಮಾಂಸವೇ ದುಬಾರಿಯಾಯಿತು. ಬಡವರು ತಮ್ಮ ಕೈಚಳಕದಿಂದ ಗಟ್ಟಿ ಮಾಂಸವೊಂದನ್ನು ರುಚಿಕರವಾಗಿಸಿದ್ದು ಈ ಅಡುಗೆಯ ಅಸಲಿ ಸಾಧನೆ ಎಂದು ನಾನು ನಂಬುತ್ತೇನೆ. ಆದ್ದರಿಂದಲೇ ಬಾಟಲಿಯ ಸಿದ್ಧ ಮ್ಯಾರಿನೇಡ್ ಸುರಿದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

(ದೃಶ್ಯ: ಮಾಂಸದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತೋರಿಸುವುದು.)

ಈಗ ಮಾಂಸವನ್ನೇ ನೋಡಿ. ಹೊರ ಸ್ಕರ್ಟ್ ಎಂದು ಕರೆಯುವ ಭಾಗ ದನದ ವಪೆ, ಅಂದರೆ ಜೀವಮಾನವಿಡೀ ಉಸಿರಾಟಕ್ಕಾಗಿ ಮೇಲೆ ಕೆಳಗೆ ಆಡಿದ ಸ್ನಾಯು. ಒಳ ಸ್ಕರ್ಟ್ ಹೊಟ್ಟೆಯ ಗೋಡೆಗೆ ಸೇರಿದ ಸ್ನಾಯು. ಇದು ಇನ್ನೂ ಸ್ವಲ್ಪ ಗಟ್ಟಿ. ಎರಡೂ ಉದ್ದವಾದ, ತೆಳುವಾದ ಪಟ್ಟಿಗಳು. ಹೆಚ್ಚಿನ ಕಡೆ ದಪ್ಪ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ನಾರುಗಳು ದಪ್ಪವಾಗಿದ್ದು, ಒಂದಕ್ಕೊಂದು ಬಿಗಿಯಾಗಿ ಅಂಟದೆ ಸಡಿಲವಾಗಿ ಜೋಡಿಸಿಕೊಂಡಿರುತ್ತವೆ; ಬೆರಳಿನಿಂದ ಒತ್ತಿದರೆ ಅವುಗಳ ನಡುವಿನ ಸಂದುಗಳು ಬಾಯಿ ತೆರೆಯುತ್ತವೆ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಸಂದುಗಳಲ್ಲಿದೆ.

ಮ್ಯಾರಿನೇಡ್ ಮಾಂಸದ ಒಳಗೆಲ್ಲ ಇಳಿಯುತ್ತದೆ ಎಂಬ ನಂಬಿಕೆ ಬಹಳ ಬಲವಾಗಿದೆ, ಆದರೆ ಮಾಂಸದ ತೂಕದ ಸುಮಾರು ಮುಕ್ಕಾಲು ಪಾಲು ಈಗಾಗಲೇ ನೀರೇ ಆಗಿರುವುದರಿಂದ ಹೊರಗಿನ ದ್ರವಕ್ಕೆ ಅಲ್ಲಿ ಜಾಗವಿಲ್ಲ. ಬೆಳ್ಳುಳ್ಳಿಯ ಘಾಟು, ಜೀರಿಗೆಯ ಪರಿಮಳ, ಮೆಣಸಿನ ಖಾರ ಇವೆಲ್ಲವೂ ಗಂಟೆಗಟ್ಟಲೆ ನೆನೆಸಿದ ಮೇಲೂ ಮೇಲ್ಮೈಯ ಕೆಲವೇ ಮಿಲಿಮೀಟರ್‌ಗಳಲ್ಲಿ ನಿಂತುಬಿಡುತ್ತವೆ. ಗಣನೀಯವಾಗಿ ಆಳಕ್ಕೆ ಇಳಿಯುವುದು ಉಪ್ಪು ಮಾತ್ರ. ಹಾಗಾದರೆ ದಪ್ಪನೆಯ ಮಾಂಸದ ತುಂಡಿಗೆ ಮ್ಯಾರಿನೇಡ್ ಹಾಕುವುದು ಬಹುಮಟ್ಟಿಗೆ ವ್ಯರ್ಥ. ಸ್ಕರ್ಟ್‌ಗೆ ಹಾಕುವುದು ಸಾರ್ಥಕ, ಏಕೆಂದರೆ ತೆಳುವಾದ ಈ ಪಟ್ಟಿಯಲ್ಲಿ ಮೇಲ್ಮೈಯದೇ ದೊಡ್ಡ ಪಾಲು, ಜೊತೆಗೆ ಆ ಸಂದುಗಳಿಂದಾಗಿ ಮೇಲ್ಮೈ ಇನ್ನಷ್ಟು ಹಿಗ್ಗುತ್ತದೆ.

ಉಳಿದರ್ಧ ಉತ್ತರ ನಿಂಬೆರಸದಲ್ಲಿದೆ, ಮತ್ತು ಇದು ನನಗೆ ಅತ್ಯಂತ ಪ್ರಿಯವಾದ ಸಂಗತಿಯಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹುಳಿ ಮಾಂಸವನ್ನು ಮೃದುಗೊಳಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾಂಸದ ಪಿಎಚ್ (ಹುಳಿಯ ಅಳತೆ; ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 5.5ರ ಆಸುಪಾಸಿನಲ್ಲಿರುತ್ತದೆ. ಅದು ಸುಮಾರು 5ರಿಂದ 5.2ಕ್ಕೆ ಇಳಿದಾಗ ಸ್ನಾಯುವಿನ ಪ್ರೋಟೀನುಗಳ ಧನ ಮತ್ತು ಋಣ ವಿದ್ಯುದಂಶಗಳು ಒಂದಕ್ಕೊಂದು ಸಮನಾಗುತ್ತವೆ. ಆಗ ಪ್ರೋಟೀನುಗಳು ಪರಸ್ಪರ ದೂಡುವುದನ್ನು ಬಿಟ್ಟು ಒತ್ತೊತ್ತಾಗಿ ಸೇರಿಕೊಳ್ಳುತ್ತವೆ, ನಡುವೆ ಹಿಡಿದಿಟ್ಟಿದ್ದ ನೀರನ್ನು ಹೊರಗೆ ಬಿಡುತ್ತವೆ. ಅಂದರೆ ಮಾಂಸ ನೀರನ್ನು ಅತಿ ಕಡಿಮೆ ಹಿಡಿದಿಡುವ ಹಂತ ಇದೇ. ನಿಂಬೆರಸದ ಪಿಎಚ್ ಎರಡರಿಂದ ಎರಡೂವರೆಯಷ್ಟಿರುವುದರಿಂದ ಹೊರಪದರದ ಪ್ರೋಟೀನುಗಳು ಬೆಂಕಿಯನ್ನೇ ಕಾಣದೆ ಬೆಂದವುಗಳಂತೆ ಮಡಿಕೆ ಬಿಚ್ಚಿಕೊಳ್ಳುತ್ತವೆ. ಕೆಂಪಾಗಿದ್ದ ಮಾಂಸ ಅಂಚಿನಲ್ಲಿ ಬೂದು ಬಣ್ಣಕ್ಕೆ ತಿರುಗುವುದನ್ನು ನೀವೇ ನೋಡಬಹುದು. ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಹೊರಪದರ ಲೋಳೆಯಾಗುತ್ತದೆ, ಅಂಚು ಬೆಂದ ಮೇಲೆ ಹಿಟ್ಟು ಹಿಟ್ಟಾಗುತ್ತದೆ, ಒಳಗಿನ ನಾರು ಮಾತ್ರ ಮೊದಲು ಎಷ್ಟು ಗಟ್ಟಿಯಾಗಿತ್ತೋ ಅಷ್ಟೇ ಗಟ್ಟಿಯಾಗಿರುತ್ತದೆ. ಹುಳಿಯನ್ನು ನಾವು ಹಾಕುವುದು ನಾಲಿಗೆಗೆ ಬೇಕಾದ ರುಚಿಗಾಗಿ. ಮೃದುತ್ವದ ಹೊಣೆಯನ್ನು ಅದರ ಮೇಲೆ ಹೊರಿಸಬಾರದು.

ಆ ಹೊಣೆಯ ದೊಡ್ಡ ಪಾಲು ಉಪ್ಪಿನದು. ಉಪ್ಪು ಸ್ನಾಯುವಿನ ಕೆಲವು ಪ್ರೋಟೀನುಗಳನ್ನು ಕರಗಿಸಿ ಸಡಿಲಗೊಳಿಸುವುದರಿಂದ, ಬಿಸಿಗೆ ನಾರು ಕುಗ್ಗಿದಾಗಲೂ ರಸ ಅಷ್ಟಾಗಿ ಹಿಂಡಿಹೋಗುವುದಿಲ್ಲ. ಸೋಯಾ ಸಾಸ್ ಟೆಕ್ಸಸ್‌ನ ಹಳೆಯ ದನಗಾಹಿಗಳ ಪದಾರ್ಥವಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಅವರ ಮಾತು ಸರಿ, ಆದರೂ ನಾನು ಅದನ್ನು ಬಿಡುವುದಿಲ್ಲ, ಏಕೆಂದರೆ ಉಪ್ಪಿನ ಜೊತೆಗೆ ಮಾಂಸದ ರುಚಿಯನ್ನು ಎತ್ತಿ ಹಿಡಿಯುವ ಗ್ಲುಟಮೇಟ್ ಕೂಡ ಅದರಲ್ಲಿ ಧಾರಾಳವಾಗಿದೆ.

(ದೃಶ್ಯ: ಬಟ್ಟಲಿನಲ್ಲಿ ಮ್ಯಾರಿನೇಡ್ ಕಲಸುವುದು. ಅಳತೆಗಳು ಪರದೆಯ ಮೇಲೆ.)

ಈಗ ಅಳತೆ. 900 ಗ್ರಾಂ ಸ್ಕರ್ಟ್ ಸ್ಟೇಕ್‌ಗೆ 80 ಮಿಲಿಲೀಟರ್ ಸೋಯಾ ಸಾಸ್, 60 ಮಿಲಿಲೀಟರ್ ನಿಂಬೆರಸ, 60 ಮಿಲಿಲೀಟರ್ ಅಡುಗೆ ಎಣ್ಣೆ, ಒಂದು ದೊಡ್ಡ ಚಮಚ ಕಂದು ಸಕ್ಕರೆ, ನಾಲ್ಕು ಎಸಳು ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಜೀರಿಗೆ ಎರಡು ಚಿಕ್ಕ ಚಮಚ, ಒಣಗಿಸಿದ ಆಂಚೊ ಮೆಣಸಿನಕಾಯಿಯ ಪುಡಿ ಎರಡು ಚಿಕ್ಕ ಚಮಚ, ಕರಿಮೆಣಸಿನ ಪುಡಿ ಒಂದು ಚಿಕ್ಕ ಚಮಚ. ಬೇರೆ ಉಪ್ಪು ಬೇಡ. ಮಾಮೂಲಿ ಸೋಯಾ ಸಾಸ್‌ನ ಈ ಅಳತೆಯಲ್ಲೇ ಹನ್ನೆರಡು ಗ್ರಾಂಗೂ ಮಿಕ್ಕಿದ ಉಪ್ಪಿರುತ್ತದೆ. ಎಣ್ಣೆಯನ್ನು ಬಿಟ್ಟರೂ ನಡೆಯುತ್ತದೆ ಎಂದು ಭಾವಿಸಬೇಡಿ. ಜೀರಿಗೆಯ ಪರಿಮಳದ ಅಂಶಗಳೂ ಮೆಣಸಿನ ಖಾರವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದರಿಂದ, ಅವುಗಳನ್ನು ಮಾಂಸದ ಮೇಲೆಲ್ಲ ಸಮನಾಗಿ ಹರಡುವುದು ಎಣ್ಣೆಯೇ.

ಬೆಳ್ಳುಳ್ಳಿಯ ವಿಷಯದಲ್ಲಿ ಒಂದು ಕ್ರಮವಿದೆ. ಎಸಳನ್ನು ಜಜ್ಜಿದಾಗ ಅದರೊಳಗಿನ ಕಿಣ್ವವೊಂದು ಕೆಲಸ ಮಾಡಿ ಘಾಟನ್ನು ಹುಟ್ಟಿಸುತ್ತದೆ. ಹುಳಿ ತಗುಲಿದರೆ ಆ ಕಿಣ್ವ ಅಲ್ಲಿಗೇ ಮಂಕಾಗುತ್ತದೆ. ಬೆಳ್ಳುಳ್ಳಿಯ ಪೂರ್ಣ ಘಾಟು ಬೇಕಿದ್ದರೆ ಮೊದಲು ಜಜ್ಜಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ನಿಂಬೆರಸ ಸೇರಿಸಿ. ಸೌಮ್ಯವಾಗಿರಲಿ ಎನ್ನುವವರು ನಿಂಬೆರಸದಲ್ಲೇ ಜಜ್ಜಬಹುದು.

ಮಾಂಸದ ಮೇಲಿನ ಬಿಳಿ ಪೊರೆಯನ್ನು ಚಾಕುವಿನ ತುದಿಯಿಂದ ಎತ್ತಿ ಸುಲಿದು, ಉದ್ದದ ಪಟ್ಟಿಯನ್ನು ಕೈಗೆ ಒಗ್ಗುವ ಮೂರು ನಾಲ್ಕು ತುಂಡುಗಳಾಗಿ ಮಾಡಿ, ಮ್ಯಾರಿನೇಡ್ ಜೊತೆ ಚೀಲಕ್ಕೆ ಹಾಕಿ, ಗಾಳಿ ಹೊರದೂಡಿ, ಫ್ರಿಜ್‌ನಲ್ಲಿಡಿ. ಎರಡರಿಂದ ನಾಲ್ಕು ಗಂಟೆ ಸಾಕು. ಹಿಂದಿನ ರಾತ್ರಿಯೇ ಸಿದ್ಧ ಮಾಡಿಡಬೇಕಾದ ಅನಿವಾರ್ಯವಿದ್ದರೆ ನಿಂಬೆರಸವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬೆರೆಸಿಟ್ಟು, ಸುಡುವುದಕ್ಕೆ ಒಂದೆರಡು ಗಂಟೆ ಮೊದಲು ರಸವನ್ನು ಸೇರಿಸಿ. ಪಪ್ಪಾಯ ಅಥವಾ ಹಸಿ ಅನಾನಸ್ ಸೇರಿಸುವವರು ಇನ್ನೂ ಎಚ್ಚರದಿಂದಿರಬೇಕು. ಅವುಗಳ ಕಿಣ್ವಗಳು ಪ್ರೋಟೀನನ್ನು ನಿಜವಾಗಿಯೂ ತುಂಡರಿಸುತ್ತವೆ, ಆದರೆ ತೆಳುವಾದ ಸ್ಕರ್ಟ್‌ನಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದು ನಮ್ಮ ಹತೋಟಿಗೆ ಸಿಗುವುದು ಕಷ್ಟ.

(ದೃಶ್ಯ: ಹೊಗೆಯಾಡುವ ಕಬ್ಬಿಣದ ಬಾಣಲೆ.)

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ನೆನೆದ ಮಾಂಸವನ್ನು ಹೊರತೆಗೆದು ಕಾಗದದ ಟವೆಲ್‌ನಿಂದ ಚೆನ್ನಾಗಿ ಒರೆಸಿ. ಮೇಲೆ ತೇವ ಉಳಿದರೆ ಅದು ಆವಿಯಾಗುವವರೆಗೂ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟದು, 140ರ ಆಸುಪಾಸಿನಲ್ಲಿ ಚುರುಕಾಗುವ ಕಂದುಗೊಳ್ಳುವಿಕೆ ಶುರುವೇ ಆಗದು. ಅಂಟಿಕೊಂಡ ಬೆಳ್ಳುಳ್ಳಿ ಚೂರುಗಳನ್ನೂ ತೆಗೆದುಬಿಡಿ, ಸುಟ್ಟರೆ ಕಹಿಯಾಗುತ್ತವೆ. ಬಾಣಲೆ ಅಥವಾ ಕೆಂಡ ಅತಿ ಬಿಸಿಯಾಗಿರಲಿ. ಒಂದೊಂದು ಬದಿಗೆ ಎರಡು ಮೂರು ನಿಮಿಷ. ಅಮೆರಿಕದ ಕೃಷಿ ಇಲಾಖೆ ಸ್ಟೇಕ್‌ಗೆ ಸೂಚಿಸುವ ಕನಿಷ್ಠ ಒಳ ಉಷ್ಣತೆ 63 ಡಿಗ್ರಿ, ಅದರ ಮೇಲೆ ಮೂರು ನಿಮಿಷ ವಿರಾಮ. ಹಸಿ ಮಾಂಸ ನೆನೆದ ಮ್ಯಾರಿನೇಡನ್ನು ಕುದಿಸದೆ ಸಾಸ್ ಆಗಿ ಬಳಸಲೇಬಾರದು. ಈರುಳ್ಳಿ ಮತ್ತು ದಪ್ಪ ಮೆಣಸಿನಕಾಯಿಯನ್ನು ಮಾಂಸ ತೆಗೆದ ಅದೇ ಬಾಣಲೆಯಲ್ಲಿ ಬಾಡಿಸಿ.

ಕೊನೆಯದಾಗಿ, ಮೇಲಿನ ಎಲ್ಲಕ್ಕಿಂತ ಹೆಚ್ಚು ಮೃದುತ್ವ ಕೊಡುವುದು ಚಾಕು. ಸ್ಕರ್ಟ್‌ನ ನಾರುಗಳು ಪಟ್ಟಿಯ ಅಗಲದ ದಿಕ್ಕಿಗೆ ಓಡುತ್ತವೆ, ಹಗ್ಗದ ಎಳೆಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿಟ್ಟಂತೆ. ಪಟ್ಟಿಯನ್ನು ಇದ್ದ ಹಾಗೆಯೇ ಅಡ್ಡಡ್ಡವಾಗಿ ಕತ್ತರಿಸುತ್ತ ಹೋದರೆ ಎಳೆಗಳು ಉದ್ದಕ್ಕೇ ಉಳಿದು ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ. ಬೆಂದ ತುಂಡನ್ನು ಐದು ನಿಮಿಷ ಬಿಟ್ಟು, ಕಾಲು ಭಾಗದಷ್ಟು ಸುತ್ತು ತಿರುಗಿಸಿ, ನಾರಿಗೆ ಎದುರಾಗಿ ಅರ್ಧ ಸೆಂಟಿಮೀಟರ್‌ಗಿಂತ ತೆಳುವಾಗಿ ಹೆಚ್ಚಿ. ಸ್ಕರ್ಟ್ ಸಿಗದವರು ದನದ ಹೊಟ್ಟೆಭಾಗದ ಇನ್ನೊಂದು ಮಾಂಸವಾದ ಫ್ಲ್ಯಾಂಕ್ ಸ್ಟೇಕ್ ತೆಗೆದುಕೊಳ್ಳಬಹುದು. ಅದರಲ್ಲಿ ನಾರುಗಳು ಉದ್ದಕ್ಕೆ ಓಡುವುದರಿಂದ ತಿರುಗಿಸದೆ ನೇರವಾಗಿ ಅಡ್ಡಕ್ಕೆ ಹೆಚ್ಚಿದರಾಯಿತು, ದಪ್ಪ ಹೆಚ್ಚಿರುವುದರಿಂದ ಬೆಂಕಿಯ ಮೇಲೆ ಒಂದೆರಡು ನಿಮಿಷ ಜಾಸ್ತಿ ಬೇಕಾಗುತ್ತದೆ.