ಸುಟ್ಟ ಮೋಟರ್ ಓದೋ ವಿದ್ಯೆ

ಕೇಳುಗರಿಗೆಲ್ಲ ನಮಸ್ಕಾರ. ನಾನು ಡಿಗ್ರಿ ಕಾಲೇಜಲ್ಲಿ ಪಾಠ ಮಾಡೋನು, ನನ್ ತಮ್ಮ ಎಸ್ಸೆಸ್ಸೆಲ್ಸಿ ಆದ್ಮೇಲೆ ಐಟಿಐ ಸೇರಿ 2 ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಕಲ್ತು ಈಗ ತುಮಕೂರು ಕಡೆ ಮೋಟರ್ ರಿವೈಂಡಿಂಗ್, ಅಂದ್ರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡೋ ಅಂಗಡಿ ಇಟ್ಕೊಂಡಿದಾನೆ. ಮದುವೆ ಮನೇಲಿ ನೆಂಟರು ನಮ್ಮಮ್ಮನ್ನ ಕೇಳ್ತಾರೆ, ದೊಡ್ಡೋನು ಚೆನ್ನಾಗಿ ಓದ್ದ, ಪಾಪ ಚಿಕ್ಕೋನಿಗೆ ಯಾಕೆ ವಿದ್ಯೆ ಹತ್ಲಿಲ್ಲ ಅಂತ. ನಂಗೆ ಆ ಮಾತು ಕೇಳಿದ್ರೆ ಸಂಕಟ ಆಗುತ್ತೆ.

ಏಪ್ರಿಲಲ್ಲಿ, ಅಡಿಕೆ ತೋಟಕ್ಕೆ ನೀರು ಬಿಡ್ಲೇಬೇಕು ಅನ್ನೋ ಹೊತ್ತಿಗೇ ಮೋಟರ್ ಸುಟ್ಟೋಗುತ್ತೆ, ರೈತ ಟೆಂಪೋಲಿ ಹಾಕ್ಕೊಂಡು ಓಡ್ಬರ್ತಾನೆ. ತಮ್ಮ ಕವರ್ ಬಿಚ್ಚಿ ಮೊದ್ಲು ಸುಮ್ನೆ ನೋಡ್ತಾನೆ. ಮೂರೂ ಫೇಸಿನ ಕಾಯಿಲಿನ ಒಂದೊಂದು ತುದಿ ಒಂದೇ ಕಡೆ ಸೇರಿರೋ ಸ್ಟಾರ್ ಕನೆಕ್ಷನ್ ಇದ್ದು, ಎರಡು ಫೇಸಿನ ಕಾಯಿಲ್ ಕರಕಲಾಗಿ ಇನ್ನೊಂದು ಮಾತ್ರ ಹೊಸದರ ಥರ ಉಳ್ಕೊಂಡಿದ್ರೆ, ಒಂದು ಫೇಸ್ ಹೋದ್ಮೇಲೂ ಮೋಟರ್ ಓಡ್ತಾನೇ ಇತ್ತು, ಉಳಿದೆರಡು ಲೋಡ್ ತಡೀದೆ ಸುಟ್ವು ಅಂತ ಅರ್ಥ. ಮೂರೂ ಒಂದೇ ಸಮ ಕಪ್ಪಾಗಿದ್ರೆ ವೋಲ್ಟೇಜ್ ಕಮ್ಮಿನೋ, ಬೇರಿಂಗ್ ಹಿಡ್ಕೊಂಡಿತ್ತೋ ಅಂತ ಆ ಕಡೆ ಹುಡುಕ್ತಾನೆ. ಕಾರಣ ಹೇಳ್ದೆ ಬರೀ ತಂತಿ ಸುತ್ತಿ ಕಳಿಸಿದ್ರೆ ಮತ್ತೆ ಸುಡುತ್ತೆ, ಅದಕ್ಕೇ ಒಂದು ಫೇಸ್ ಹೋದ್ರೆ ಮೋಟರ್ ನಿಲ್ಸೋ ಪ್ರಿವೆಂಟರ್ ಸ್ಟಾರ್ಟರಿಗೆ ಹಾಕ್ಸಣ್ಣ ಅಂತ ಕೂರ್ಸಿ ತಿಳಿಸಿ ಹೇಳ್ತಾನೆ.

ಆಮೇಲೆ ಹಳೇ ವೈಂಡಿಂಗ್ ಕೀಳ್ತಾ ಒಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಎಷ್ಟು ದಪ್ಪ, ತಂತಿ ಕೂರೋ ಸಂದಿಗಳಲ್ಲಿ ಯಾವ ಸ್ಲಾಟಿಂದ ಯಾವ ಸ್ಲಾಟಿಗೆ ಹೋಗಿದೆ, ಎಲ್ಲಾ ನೋಟ್‌ಬುಕ್ಕಲ್ಲಿ ಬರ್ಕೋತಾನೆ. ಸುತ್ತು ಕಮ್ಮಿ ಬಿದ್ರೆ ಕರೆಂಟ್ ಜಾಸ್ತಿ ಎಳೆದು ಬಿಸಿ ಆಗುತ್ತೆ, ಸ್ಲಾಟೊಳಗೆ ತಂತಿ ಕೂರ್ಸುವಾಗ ಅದರ ಮೇಲಿನ ಎನಾಮಲ್ ಲೇಪ ಗೀರಿದ್ರೆ ಒಳಗೇ ಶಾರ್ಟ್. ನೀರು ತುಂಬೋ ಸಬ್‌ಮರ್ಸಿಬಲ್ ಆದ್ರೆ ತಂತಿನೇ ಬೇರೆ, ಪ್ಲಾಸ್ಟಿಕ್ ಕೋಟಿಂಗಿಂದು. ಕೊನೆಗೆ ಕರೆಂಟ್ ಬಾಡಿಗೆ ಸೋರುತ್ತಾ ಅಂತ ಅಳೆಯೋ ಮೆಗ್ಗರ್ ಇಟ್ಟು ನೋಡಿ ಸರಿಯಿದ್ರೇನೇ ಬಾಡಿ ಮುಚ್ಚೋದು. ಇದು ಓದಲ್ಲ ಅಂದ್ರೆ ಇನ್ಯಾವುದು ಓದು?

ಡಿಗ್ರಿ ಬೇಡ ಅಂತ ನಾನು ಅನ್ನಲ್ಲ, ನಂಗೆ ಅನ್ನ ಕೊಟ್ಟಿರೋದೇ ಅದು. ಆದ್ರೆ ನನ್ ಕ್ಲಾಸಲ್ಲಿ ಕೂತಿರೋ ಎಷ್ಟೋ ಮಕ್ಕಳಿಗೆ ಆ ಸಬ್ಜೆಕ್ಟ್ ಬೇಕಾಗಿಲ್ಲ, ಮನೆಯೋರ ಮರ್ಯಾದೆಗೆ ಬಂದಿರ್ತಾರೆ, ಮೂರು ವರ್ಷ ಕಳೆದು ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಮುಂದೇನು ಸಾರ್ ಅಂತ ಬಂದು ನಿಂತ್ರೆ ನನ್ ಹತ್ರ ಉತ್ತರ ಇರಲ್ಲ. ಐಟಿಐ ಸೇರಿದ್ರೆ ಮುಂದಿನ ಓದಿನ ಬಾಗಿಲು ಮುಚ್ಚೋಯ್ತು ಅನ್ನೋದೂ ತಪ್ಪು, 2 ವರ್ಷದ ಟ್ರೇಡ್ ಮುಗ್ಸಿದ್ರೆ ಲ್ಯಾಟರಲ್ ಎಂಟ್ರಿಲಿ ಡಿಪ್ಲೊಮಾ ಎರಡನೇ ವರ್ಷಕ್ಕೇ ಸೇರ್ಬೋದು, ಡಿಪ್ಲೊಮಾ ಆದ್ಮೇಲೆ ಹಂಗೇ ಇಂಜಿನಿಯರಿಂಗಿಗೂ.

ಕಷ್ಟ ಇಲ್ವಾ ಅಂದ್ರೆ ಇದೆ. ತಮ್ಮಂಗೆ ಬಗ್ಗಿ ಬಗ್ಗಿ ಬೆನ್ನು ನೋವು, ಮಳೆಗಾಲ ಬಂತೂಂದ್ರೆ ಕೆಲಸ ಕಮ್ಮಿ, ನಂಗಿರೋ ಪಿಎಫು ಅವನಿಗಿಲ್ಲ. ನೆಂಟರು ಕೇಳೋದಾದ್ರೆ ಇದನ್ನ ಕೇಳ್ಬೇಕು.

ಮನೇಲಿ ಎಸ್ಸೆಸ್ಸೆಲ್ಸಿ ಮುಗ್ಸಿರೋ ಮಗ ಇದ್ರೆ, ಮಗಳಿದ್ರೂ ಸರಿ, ಅರ್ಜಿ ಹಾಕೋಕೆ ಮುಂಚೆ ಹತ್ರದ ಐಟಿಐ ವರ್ಕ್‌ಶಾಪಿಗೆ ಕರ್ಕೊಂಡೋಗಿ, ಒಂದು ಗಂಟೆ ನಿಂತು ನೋಡ್ಲಿ. ವಾಪಸ್ ಬರುವಾಗ ಬಸ್ಸಲ್ಲಿ ಏನ್ ಹೇಳ್ತಾರೆ ಅಂತ ಕೇಳಿಸ್ಕೊಳ್ಳಿ. ನಮಸ್ಕಾರ.